ಮೂರು ಮಕ್ಕಳ ಸುದ್ದಿ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯಲ್ಲಿರುವ ಅನ್ನವನ್ನೆಲ್ಲ ಮುಟ್ಟಿ ನೋಡುವುದಿಲ್ಲ. ಸೌಟಿನ ತುದಿಯಿಂದ ಒಂದಗುಳನ್ನು ತೆಗೆದು ಎರಡು ಬೆರಳುಗಳ ನಡುವೆ ಹಿಚುಕುತ್ತಾಳೆ. ಒಲೆಯಿಂದ ಇಳಿಸಬಹುದೋ, ಇನ್ನಷ್ಟು ಹೊತ್ತು ಬಿಡಬೇಕೋ ಎಂಬುದು ಅಷ್ಟರಿಂದಲೇ ತೀರ್ಮಾನವಾಗುತ್ತದೆ. ನಮ್ಮ ಹಿಂದಿನ ಪಂಡಿತರು ಈ ಅಡಿಗೆಮನೆಯ ವಿವೇಕಕ್ಕೆ ‘ಸ್ಥಾಲೀಪುಲಾಕ ನ್ಯಾಯ’ವೆಂದು ಹೆಸರಿಟ್ಟರು. ನ್ಯಾಯವೇನೋ ಸರಿಯೆ. ಆದರೆ ಅದು ಸರಿಯಾಗಿರುವುದು ಏತಕ್ಕೆ ಎಂದು ನೀವು ಯೋಚಿಸಿದ್ದುಂಟೆ? ಒಂದೇ ಮೂಟೆಯ ಅಕ್ಕಿ, ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಒಂದಗುಳಿಗೂ ಮತ್ತೊಂದಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಭೇದವಿರುವ ಕಡೆ ಈ ನ್ಯಾಯ ನಡೆಯದು. ಮನುಷ್ಯರ ಮಕ್ಕಳು ಒಂದೇ ಪಾತ್ರೆಯ ಅಗುಳುಗಳಲ್ಲ.

ಇಷ್ಟು ಸರಳವಾದ ಮಾತನ್ನು ಮರೆತದ್ದರಿಂದ ಎಷ್ಟೋ ಮನೆಗಳು ಸಂಕಟಕ್ಕೆ ಒಳಗಾದುವು. ಆಟಿಸಂ ಎಂದು ಇಂದು ನಾವೆಲ್ಲ ಕೇಳಿ ಬಲ್ಲ, ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯುತ್ತಿರುವ ಸ್ಥಿತಿಯ ಇತಿಹಾಸದಲ್ಲಂತೂ ಇದು ಮತ್ತೆ ಮತ್ತೆ ನಡೆದಿದೆ. ಬೆರಳೆಣಿಕೆಯಷ್ಟು ಮಕ್ಕಳನ್ನು ನೋಡಿ ವೈದ್ಯರು ಒಂದು ಮಾತು ಹೇಳುವುದು. ಆ ಮಾತು ಪತ್ರಿಕೆಗೆ, ಬಾನುಲಿಗೆ, ದೂರದರ್ಶನಕ್ಕೆ ಬರುವಷ್ಟರಲ್ಲಿ ಎಣಿಕೆ ಬಿದ್ದುಹೋಗಿ ಮಾತು ಮಾತ್ರ ಉಳಿಯುವುದು. ಅದನ್ನು ನಂಬಿದ ತಂದೆತಾಯಿಗಳು ವರ್ಷಗಟ್ಟಲೆ ಅದರ ಬೆಲೆ ತೆರುವುದು. ಈ ಇತಿಹಾಸದ ಕೆಲವು ಪುಟಗಳನ್ನು ನಿಮ್ಮ ಮುಂದೆ ತೆರೆದಿಡಬೇಕೆಂದು ನನ್ನ ಆಸೆ.

ಮೊದಲನೆಯ ಪುಟದ ವರ್ಷ 1943. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರಿದ್ದರು. ಐದಾರು ವರ್ಷಗಳಿಂದ ತಮ್ಮ ಬಳಿಗೆ ಬಂದ ಕೆಲವು ಮಕ್ಕಳಲ್ಲಿ ಅವರು ಒಂದು ಸಾಮ್ಯವನ್ನು ಕಂಡರು. ಈ ಮಕ್ಕಳು ಎತ್ತಿಕೊಳ್ಳಲು ಬಂದವರತ್ತ ಕೈ ಚಾಚುತ್ತಿರಲಿಲ್ಲ. ಮನುಷ್ಯರಿಗಿಂತ ವಸ್ತುಗಳಲ್ಲಿ ಹೆಚ್ಚು ತನ್ಮಯರಾಗುತ್ತಿದ್ದರು. ಕೇಳಿದ ಪ್ರಶ್ನೆಯನ್ನೇ ತಿರುಗಿ ನುಡಿಯುತ್ತಿದ್ದರು. ನಿನ್ನೆ ಇದ್ದದ್ದು ಇಂದೂ ಹಾಗೆಯೇ ಇರಬೇಕೆಂದು ಹಟ ಹಿಡಿಯುತ್ತಿದ್ದರು. ಕ್ಯಾನರ್ ಅವರು ಒಂದೊಂದು ಮಗುವಿನ ವೃತ್ತಾಂತವನ್ನೂ ಬಿಡಿಬಿಡಿಯಾಗಿ ಬರೆದು ಒಂದು ಲೇಖನವನ್ನು ಪ್ರಕಟಿಸಿದರು. ಮಕ್ಕಳು ಒಟ್ಟು 11 ಮಂದಿ: 8 ಗಂಡು, 3 ಹೆಣ್ಣು. ಲೇಖನವು ಇಂದಿಗೂ ಓದಲು ತಕ್ಕದ್ದು. ಈ ಮಕ್ಕಳು ಹುಟ್ಟುವಾಗಲೇ ಈ ಬಗೆಯನ್ನು ಹೊತ್ತು ಬಂದಿರಬೇಕೆಂದು ಅವರು ಕೊನೆಯಲ್ಲಿ ಊಹಿಸಿದ್ದರು.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ಈ ಮಕ್ಕಳ ತಂದೆತಾಯಿಗಳು ಬಹುಮಟ್ಟಿಗೆ ಉನ್ನತ ವಿದ್ಯೆ ಪಡೆದವರು, ವೈದ್ಯರು, ವಿಜ್ಞಾನಿಗಳು, ಬರಹಗಾರರು; ಅವರಲ್ಲಿ ಮನಸ್ಸು ಬಿಚ್ಚಿ ಅಕ್ಕರೆ ತೋರುವವರು ಕಡಿಮೆ ಎಂದು. ಇಲ್ಲಿ ನೀವೇ ಒಂದು ಕ್ಷಣ ನಿಂತು ಯೋಚಿಸಿ. ಆ ಕಾಲದಲ್ಲಿ ಮಗುವನ್ನು ಮನೋವೈದ್ಯರಿಗೆ ತೋರಿಸಬೇಕೆಂದು ಯಾರಿಗೆ ಹೊಳೆಯುತ್ತಿತ್ತು? ಅದಕ್ಕಾಗಿ ದೂರದ ಊರಿನಿಂದ ಬಾಲ್ಟಿಮೋರಿಗೆ ಪ್ರಯಾಣಮಾಡುವ ಹಣ, ಬಿಡುವು ಯಾರಲ್ಲಿದ್ದುವು? ಓದಿದವರು ಬಂದರು, ಆದ್ದರಿಂದ ಓದಿದವರು ಕಂಡರು. ಗಾಣದ ಕೆಲಸದವನ ಮಗು, ಗಣಿಯ ಕೂಲಿಯ ಮಗು ಆ ಬಾಗಿಲಿಗೆ ಬರಲೇ ಇಲ್ಲ. ಹನ್ನೊಂದು ಅಗುಳುಗಳನ್ನೂ ಪಾತ್ರೆಯ ಒಂದೇ ಅಂಚಿನಿಂದ ತೆಗೆದಂತಾಯಿತು.

ಈ ಎಚ್ಚರಿಕೆ ಪತ್ರಿಕೆಗಳಿಗೆ ಬೇಕಿರಲಿಲ್ಲ. 1948ರಲ್ಲಿ ಟೈಮ್ ವಾರಪತ್ರಿಕೆಯು ಹಿಮಗಟ್ಟಿದ ಮಕ್ಕಳು ಎಂಬರ್ಥದ ತಲೆಬರಹ ಕೊಟ್ಟು ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. ಮರುವರ್ಷ ಕ್ಯಾನರ್ ಅವರೇ ಈ ಮಕ್ಕಳನ್ನು ರೆಫ್ರಿಜರೇಟರಿನೊಳಗೆ ಇರಿಸಿದ ಪದಾರ್ಥಕ್ಕೆ ಹೋಲಿಸಿದರು. ಮುಂದೆ ‘ರೆಫ್ರಿಜರೇಟರ್ ತಾಯಿ’ ಎಂಬ ಮಾತೇ ಬಳಕೆಗೆ ಬಂದು, ತಾಯಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂದು ಜನ ನಂಬಿದರು. 1967ರಲ್ಲಿ ಷಿಕಾಗೋ ನಗರದ ಬ್ರೂನೊ ಬೆಟಲ್‌ಹೈಮ್ ಅವರು ಈ ವಾದವನ್ನು ದೊಡ್ಡ ಗ್ರಂಥವಾಗಿ ಬರೆದರು. ಅದರಲ್ಲಿ ವಿಸ್ತಾರವಾಗಿ ವರ್ಣಿಸಿದ್ದು ಮೂರು ಮಕ್ಕಳ ಕಥೆಯನ್ನು. ಆ ಮೂವರ ಕಥೆಯನ್ನು ಓದಿ ಒಂದು ತಲೆಮಾರಿನ ತಾಯಂದಿರು ತಮ್ಮನ್ನು ತಾವೇ ಅಪರಾಧಿಗಳೆಂದು ಎಣಿಸಿಕೊಂಡರು.

ಈ ಅಪವಾದವನ್ನು ತೊಳೆಯಲು ಮುಂದೆ ಬಂದವರು ಬರ್ನಾರ್ಡ್ ರಿಮ್ಲಾಂಡ್. ಅವರು ಮನಶ್ಶಾಸ್ತ್ರಜ್ಞರು, ತಾವೇ ಇಂಥ ಒಂದು ಮಗುವಿನ ತಂದೆ. 1964ರಲ್ಲಿ ಅವರು ಬರೆದ ಪುಸ್ತಕವು ತಾಯಿಯನ್ನು ದೂರುವ ವಾದಕ್ಕೆ ಆಧಾರವೇ ಇಲ್ಲವೆಂದೂ ಕಾರಣವನ್ನು ಮಗುವಿನ ಮಿದುಳಿನಲ್ಲಿ ಹುಡುಕಬೇಕೆಂದೂ ತರ್ಕಬದ್ಧವಾಗಿ ತೋರಿಸಿತು. ಕ್ಯಾನರ್ ಅವರೂ 1969ರಲ್ಲಿ ತಂದೆತಾಯಿಗಳ ಸಭೆಯೊಂದರಲ್ಲಿ ನಿಂತು ನೀವು ನಿರ್ದೋಷಿಗಳೆಂದು ಘೋಷಿಸಿದರು. ಆ ಮಾತು ಬರುವ ಹೊತ್ತಿಗೆ 26 ವರ್ಷಗಳು ಕಳೆದಿದ್ದುವು.

ಇಷ್ಟಾದ ಮೇಲೆ ಲೋಕ ಪಾಠ ಕಲಿತಿರಬೇಕೆಂದು ನೀವು ಭಾವಿಸುವುದು ಸಹಜ. ಕಲಿಯಲಿಲ್ಲ. ಎರಡನೆಯ ಪುಟವನ್ನು ನೋಡೋಣ. ಅದಕ್ಕಾಗಿ ಮೊದಲು ಲಂಡನ್ನಿನ ಒಂದು ಪ್ರಯೋಗಶಾಲೆಗೆ ಹೋಗಿಬರಬೇಕಾಗುತ್ತದೆ.

1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ಶರೀರವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಸ್ಟಾರ್ಲಿಂಗರ ತಂಗಿಯನ್ನು ಬೇಲಿಸ್ ಮದುವೆಯಾಗಿದ್ದರು; ಎಂದರೆ ಇಬ್ಬರೂ ಭಾವಮೈದುನರು. ಹೊಟ್ಟೆಯಿಂದ ಹುಳಿಯಾದ ಆಹಾರ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿಯು ಜೀರ್ಣರಸವನ್ನು ಸುರಿಸಲು ತೊಡಗುತ್ತದೆಯಷ್ಟೆ. ಕರುಳಿಗೆ ಬಂದ ಸುದ್ದಿ ಗ್ರಂಥಿಗೆ ತಲುಪುವುದು ಹೇಗೆ? ನರಗಳ ಮೂಲಕ ಎಂದು ಎಲ್ಲರೂ ತಿಳಿದಿದ್ದರು. ಇವರಿಬ್ಬರು ಒಂದು ನಾಯಿಯ ಕರುಳಿನ ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ ಅಲ್ಲಿಗೆ ಆಮ್ಲವನ್ನು ಬಿಟ್ಟರು. ಗ್ರಂಥಿ ಎಂದಿನಂತೆ ರಸ ಸುರಿಸಿತು. ಆಮೇಲೆ ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ರಸವನ್ನು ರಕ್ತನಾಳಕ್ಕೆ ಚುಚ್ಚಿದರು. ಗ್ರಂಥಿ ಮತ್ತೆ ಸುರಿಸಿತು! ಸುದ್ದಿಯನ್ನು ಒಯ್ಯುತ್ತಿದ್ದುದು ರಕ್ತದಲ್ಲಿ ಬೆರೆತ ಒಂದು ದ್ರವ್ಯ. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ದ್ರವ್ಯಗಳಿಗೆಲ್ಲ ಹಾರ್ಮೋನು ಎಂಬ ಸಾಮಾನ್ಯನಾಮವನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದರು. ಹಾರ್ಮೋನುಗಳ ಶಾಸ್ತ್ರಕ್ಕೆ ನಾಂದಿ ಹಾಡಿದ್ದು ಈ ಸೆಕ್ರೆಟಿನ್.

ಮುಂದೆ ಹಂದಿಯ ಕರುಳಿನಿಂದ ತೆಗೆದ ಸೆಕ್ರೆಟಿನ್ನನ್ನು ವೈದ್ಯರು ಒಂದು ಪರೀಕ್ಷೆಗೆ ಉಪಯೋಗಿಸತೊಡಗಿದರು. ಮೇದೋಜೀರಕ ಗ್ರಂಥಿ ಸರಿಯಾಗಿ ಕೆಲಸಮಾಡುತ್ತಿದೆಯೆ ಎಂದು ನೋಡಲು ಗಂಟಲಿನ ಮೂಲಕ ನಳಿಕೆಯನ್ನು ಇಳಿಸಿ, ಸೆಕ್ರೆಟಿನ್ ಚುಚ್ಚಿ, ಸುರಿದ ರಸವನ್ನು ಅಳೆಯುವುದು. ಅದು ಕಾಯಿಲೆಯನ್ನು ಗುರುತಿಸುವ ಸಾಧನವೇ ಹೊರತು ಔಷಧವಲ್ಲ.

1996ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವೈದ್ಯರು ಆಟಿಸಂ ಇದ್ದ ಒಬ್ಬ ಚಿಕ್ಕ ಹುಡುಗನಿಗೆ ಈ ಪರೀಕ್ಷೆ ಮಾಡಿದರು. ಕ್ಯಾನರ್ ಇದ್ದ ಬಾಲ್ಟಿಮೋರ್ ನಗರವೇ ಇದು ಎಂಬುದನ್ನು ಗಮನಿಸಿ. ಹುಡುಗನಿಗೆ ಬಹುಕಾಲದಿಂದ ಭೇದಿಯ ತೊಂದರೆ ಇತ್ತು. ಪರೀಕ್ಷೆ ಮಾಡಿದ್ದು ಅದಕ್ಕಾಗಿ. ಕೆಲವು ವಾರಗಳಲ್ಲಿ ಭೇದಿ ಕಡಿಮೆಯಾಯಿತು. ಅಷ್ಟೇ ಅಲ್ಲ, ಮಾತು ನಿಂತಿದ್ದ ಹುಡುಗ ಮಾತಾಡಲು ತೊಡಗಿದನೆಂದೂ ಕಣ್ಣಿಗೆ ಕಣ್ಣು ಸೇರಿಸಿ ನೋಡತೊಡಗಿದನೆಂದೂ ತಾಯಿ ಹೇಳಿದರು. ಹೀಗೆಯೇ ಸೆಕ್ರೆಟಿನ್ ಪಡೆದ ಒಟ್ಟು ಮೂವರು ಮಕ್ಕಳ ವೃತ್ತಾಂತವನ್ನು ವೈದ್ಯರು 1998ರಲ್ಲಿ ಒಂದು ಸಣ್ಣ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಐದು ವಾರಗಳೊಳಗೆ ಮೂವರಲ್ಲಿಯೂ ಸುಧಾರಣೆ ಕಂಡಿತೆಂದು ಅದರ ಸಾರಾಂಶ.

ಈ ವೈದ್ಯರನ್ನು ನಾವು ದೂರಬೇಕಾಗಿಲ್ಲ. ಕಂಡದ್ದನ್ನು ಬರೆದಿಡುವುದು ವೈದ್ಯರ ಧರ್ಮ. ಎಲ್ಲ ಶೋಧಗಳೂ ಒಂದೆರಡು ರೋಗಿಗಳಿಂದಲೇ ಆರಂಭವಾಗುವುವು. ಮೂವರ ವೃತ್ತಾಂತವು ಒಂದು ಪ್ರಶ್ನೆಯನ್ನು ಎತ್ತಲು ಸಾಕು: ಇದು ನಿಜವಿರಬಹುದೆ, ಪರೀಕ್ಷಿಸಿ ನೋಡೋಣವೆ ಎಂದು. ಅದನ್ನೇ ಉತ್ತರವೆಂದು ಸಾರಿದಾಗ ಅನರ್ಥ ಮೊದಲಾಗುತ್ತದೆ.

ಸಾರಿದ್ದು ದೂರದರ್ಶನ. 1998ರ ಅಕ್ಟೋಬರಿನಲ್ಲಿ ಎನ್‌ಬಿಸಿ ಸಂಸ್ಥೆಯ ಡೇಟ್‌ಲೈನ್ ಎಂಬ ಜನಪ್ರಿಯ ಕಾರ್ಯಕ್ರಮ ಈ ವಿಷಯವನ್ನು ಬಿತ್ತರಿಸಿತು. ಮೌನವಾಗಿದ್ದ ಮಗು ಮಾತಾಡಿತೆಂಬ ಕಥೆಯನ್ನು ಲಕ್ಷಾಂತರ ಮನೆಗಳಲ್ಲಿ ಒಂದೇ ರಾತ್ರಿ ನೋಡಿದರು. ಇಂಥದೇ ಮಗು ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಅದನ್ನು ನೋಡಿದ ತಾಯಿಗೆ ಮೂವರೆಂಬ ಸಂಖ್ಯೆ ನೆನಪಿನಲ್ಲಿ ನಿಲ್ಲುವುದೆ? ಮರುದಿನದಿಂದಲೇ ಆಸ್ಪತ್ರೆಗಳಿಗೆ ಕರೆಗಳ ಮೇಲೆ ಕರೆ. ಪರೀಕ್ಷೆಗೆಂದು ತಯಾರಾಗುತ್ತಿದ್ದ ಅಲ್ಪಸ್ವಲ್ಪ ಸೆಕ್ರೆಟಿನ್ ಬೇಗನೆ ಖರ್ಚಾಗಿಹೋಯಿತು. ಸಿಕ್ಕಿದ್ದಕ್ಕೆ ಹಲವು ಪಟ್ಟು ಬೆಲೆ. ಸರಿಯಾದ ಪರೀಕ್ಷೆಯೊಂದೂ ಮುಗಿಯುವ ಮೊದಲೇ ಸಾವಿರಾರು ಮಕ್ಕಳಿಗೆ ಈ ಚುಚ್ಚುಮದ್ದು ಬಿದ್ದಿತ್ತು. ತಾಯಂದಿರ ಪರವಾಗಿ 1964ರಲ್ಲಿ ಆಧಾರವೆಲ್ಲಿ ಎಂದು ಕೇಳಿದ್ದ ರಿಮ್ಲಾಂಡ್ ಅವರೂ ಈ ಬಾರಿ ಸೆಕ್ರೆಟಿನ್ನಿನ ಉತ್ಸಾಹಿ ಸಮರ್ಥಕರಾದರು. ತಂದೆಯ ಹೃದಯದ ಮುಂದೆ ಪಂಡಿತನ ತರ್ಕವೂ ಒಮ್ಮೊಮ್ಮೆ ಸೋಲುತ್ತದೆ.

ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಉತ್ತರ ಕ್ಯಾರೊಲೈನಾ ಸಂಸ್ಥಾನದ ಡಾಕ್ಟರ್ ಏಡ್ರಿಯನ್ ಸ್ಯಾಂಡ್ಲರ್ ಮತ್ತು ಅವರ ಸಂಗಡಿಗರು. ಅವರ ಕ್ರಮ ತಿಳಿದುಕೊಳ್ಳಲು ಯೋಗ್ಯವಾದದ್ದು. 3ರಿಂದ 14 ವರ್ಷದೊಳಗಿನ 60 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂದು ಬಾರಿ ಸೆಕ್ರೆಟಿನ್ ಚುಚ್ಚಿದರು. ಇನ್ನೊಂದಕ್ಕೆ ಬರಿಯ ಉಪ್ಪುನೀರು. ಯಾವ ಮಗುವಿಗೆ ಯಾವುದು ಎಂಬುದು ತಂದೆತಾಯಿಗಳಿಗೂ ತಿಳಿಯದು, ಮಗುವನ್ನು ಪರೀಕ್ಷಿಸುವವರಿಗೂ ತಿಳಿಯದು. ನಾಲ್ಕು ವಾರ ಎಲ್ಲರನ್ನೂ ನೋಡಿಕೊಂಡು ಅಂಕಗಳನ್ನು ಬರೆದಿಟ್ಟು, ಕಡೆಗೆ ಗುಟ್ಟನ್ನು ಬಿಚ್ಚಿದರು.

ಲೆಕ್ಕಕ್ಕೆ ಸಿಕ್ಕವರು 56 ಮಕ್ಕಳು, ಗುಂಪಿಗೆ 28. ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು, ಕಾಯಲಾರದೆ ಹೊರಗೆ ಬೇರೆಡೆ ಸೆಕ್ರೆಟಿನ್ ಚುಚ್ಚಿಸಿಕೊಂಡಿದ್ದವರು! ಆ ಒಂದು ಸಂಗತಿಯಿಂದಲೇ ಅಂದಿನ ಆತುರ ಎಂಥದೆಂದು ನೀವು ಊಹಿಸಬಹುದು. ಇನ್ನು ಫಲಿತಾಂಶ. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚಾಗುವ ಒಂದು ಅಳತೆಪಟ್ಟಿಯಲ್ಲಿ, ಸೆಕ್ರೆಟಿನ್ ಪಡೆದ ಮಕ್ಕಳ ಅಂಕ ಸರಾಸರಿ 8.9ರಷ್ಟು ಇಳಿದಿತ್ತು. ಮದ್ದು ಫಲಿಸಿತೆಂದು ಹಿಗ್ಗಬಹುದಾಗಿತ್ತು. ಆದರೆ ಉಪ್ಪುನೀರು ಪಡೆದ ಮಕ್ಕಳ ಅಂಕ 17.8ರಷ್ಟು ಇಳಿದಿತ್ತು. ಎರಡರ ನಡುವಣ ಈ ಅಂತರವೂ ಆಕಸ್ಮಿಕವಾಗಿ ಬರಬಹುದಾದಷ್ಟೇ ಎಂದು ಸಂಖ್ಯಾಶಾಸ್ತ್ರ ಹೇಳಿತು. ಎಂದರೆ ಸೆಕ್ರೆಟಿನ್ನಿಗೂ ಉಪ್ಪುನೀರಿಗೂ ಭೇದ ಕಾಣಲಿಲ್ಲ. 1999ರ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು.

ಉಪ್ಪುನೀರಿನಿಂದ ಮಕ್ಕಳು ಸುಧಾರಿಸುವುದು ಹೇಗೆ ಎಂದು ನೀವು ಕೇಳಬಹುದು. ಇದರಲ್ಲಿ ಮೋಸವೂ ಇಲ್ಲ, ಮಾಯವೂ ಇಲ್ಲ. ಮಕ್ಕಳೆಲ್ಲರೂ ಬೆಳೆಯುತ್ತಾರೆ, ಆಟಿಸಂ ಇರುವ ಮಗುವೂ ಬೆಳೆಯುತ್ತದೆ, ತನ್ನ ರೀತಿಯಲ್ಲಿ ಕಲಿಯುತ್ತದೆ. ಇಂದು ಹಟ ಹೆಚ್ಚಿದ್ದರೆ ನಾಳೆ ಕಡಿಮೆ. ನಾವು ಡಾಕ್ಟರಲ್ಲಿಗೆ ಓಡುವುದು ತೀರ ಕೆಟ್ಟ ದಿನಗಳಲ್ಲಿ. ಆಮೇಲೆ ಬರುವ ದಿನಗಳು ಅದಕ್ಕಿಂತ ಸ್ವಲ್ಪ ಮೇಲಾಗಿಯೇ ಇರುತ್ತವೆ. ಇದರ ಜೊತೆಗೆ ನಿರೀಕ್ಷೆ. ಚುಚ್ಚುಮದ್ದು ಬಿದ್ದಿದೆ ಎಂದಮೇಲೆ ತಾಯಿ ದಿನವಿಡೀ ಮಗುವಿನ ಮುಖವನ್ನೇ ನೋಡುತ್ತಾಳೆ. ಹಿಂದೆ ಗಮನಕ್ಕೆ ಬಾರದ ಒಂದು ನಗೆ, ಒಂದು ತೊದಲು ಈಗ ಗಮನಕ್ಕೆ ಬರುತ್ತದೆ. ಆಕೆ ಕಂಡದ್ದು ಸುಳ್ಳಲ್ಲ. ಅದಕ್ಕೆ ಕಾರಣ ಮದ್ದು ಎಂಬುದು ಮಾತ್ರ ಸಿದ್ಧವಾಗಿಲ್ಲ. ಮೂವರು ಮಕ್ಕಳನ್ನು ನೋಡಿದಾಗ ಈ ಎಲ್ಲ ಕಾರಣಗಳನ್ನು ಬೇರ್ಪಡಿಸುವ ದಾರಿಯಿಲ್ಲ. ಉಪ್ಪುನೀರಿನ ಗುಂಪು ಎದುರಿಗೆ ಇದ್ದಾಗಲೇ ಅದು ಸಾಧ್ಯ.

ಮನಸ್ಸಿಗೆ ತಟ್ಟುವ ಮಾತು ಇನ್ನೊಂದಿದೆ. ಪರೀಕ್ಷೆಯ ಫಲಿತಾಂಶವನ್ನು ತಂದೆತಾಯಿಗಳಿಗೆ ತಿಳಿಸಿದ ಮೇಲೆ, ಇನ್ನೂ ನಿಮಗೆ ಸೆಕ್ರೆಟಿನ್ನಿನಲ್ಲಿ ಆಸಕ್ತಿ ಇದೆಯೆ ಎಂದು ಕೇಳಿದರು. ನೂರಕ್ಕೆ 69 ಮಂದಿ ಇದೆ ಎಂದರು. ಅವರನ್ನು ಅವಿವೇಕಿಗಳೆಂದು ನಗುವ ಹಕ್ಕು ನಮಗಿಲ್ಲ. ಕತ್ತಲೆಯಲ್ಲಿ ಒಂದು ದೀಪ ಕಂಡೀತೆಂದು ಹೊರಟವರಿಗೆ ದೀಪವಿಲ್ಲವೆಂದು ಹೇಳಿದರೆ ಒಡನೆ ಹಿಂದಿರುಗುವುದು ಕಷ್ಟ. ಒಮ್ಮೆ ಕೊಟ್ಟ ಆಸೆಯನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲವೆಂಬುದೇ ಇದರ ಅರ್ಥ. ಕೊಡುವ ಮೊದಲು ಯೋಚಿಸಬೇಕಾದವರು ಕೊಟ್ಟವರು.

ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. ಸೆಕ್ರೆಟಿನ್ನನ್ನು ಆಟಿಸಂನ ಔಷಧವಾಗಿ ತರಲು ಯತ್ನಿಸಿದ ರೆಪ್ಲಿಜೆನ್ ಕಂಪನಿಯ ದೊಡ್ಡ ಪರೀಕ್ಷೆ 2004ರಲ್ಲಿ ವಿಫಲವಾಯಿತು. 2012ರ ಹೊತ್ತಿಗೆ ಇಂಥ 16 ಪರೀಕ್ಷೆಗಳು ನಡೆದು, 900ಕ್ಕೂ ಹೆಚ್ಚು ಮಕ್ಕಳು ಅವುಗಳಲ್ಲಿ ಪಾಲ್ಗೊಂಡಿದ್ದರು. ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ವಿಮರ್ಶಕರು ಸೆಕ್ರೆಟಿನ್ ಪ್ರಯೋಜನಕಾರಿ ಎಂಬುದಕ್ಕೆ ಆಧಾರವಿಲ್ಲವೆಂದು ತೀರ್ಮಾನಿಸಿದರು. ಮೂವರ ವೃತ್ತಾಂತದಿಂದ ಎದ್ದ ಕೂಗನ್ನು ತಣಿಸಲು 900 ಮಕ್ಕಳು ತೋಳು ಚಾಚಬೇಕಾಯಿತು.

ಸೆಕ್ರೆಟಿನ್ನಿನ ಸುದ್ದಿಯಿಂದ ಹಾಳಾದದ್ದು ಬಹುಪಾಲು ಹಣ, ಕಾಲ, ಆಸೆ. ಅದೇ 1998ರಲ್ಲಿ ಇಂಗ್ಲೆಂಡಿನಿಂದ ಹೊರಟ ಇನ್ನೊಂದು ಸುದ್ದಿ ಪ್ರಾಣಕ್ಕೇ ಎರವಾಯಿತು. ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪತ್ರಕರ್ತರ ಸಭೆ ಕರೆದಿದ್ದರು. ಆಂಡ್ರೂ ವೇಕ್‌ಫೀಲ್ಡ್ ಮತ್ತು ಅವರ ಸಂಗಡಿಗರು ಬರೆದ ಲೇಖನವೊಂದು ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಬರಲಿತ್ತು. ಅದರಲ್ಲಿದ್ದವರು 12 ಮಕ್ಕಳು. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೆ ಕೂಡಿಸಿ ಕೊಡುವ ಲಸಿಕೆಗೂ ಮಕ್ಕಳ ಸ್ಥಿತಿಗೂ ಸಂಬಂಧ ಸಿದ್ಧವಾಗಿಲ್ಲವೆಂದು ಲೇಖನವೇ ಒಪ್ಪಿತ್ತು. ಆದರೆ ಸಭೆಯಲ್ಲಿ ವೇಕ್‌ಫೀಲ್ಡ್ ಅವರು ಮೂರನ್ನೂ ಬಿಡಿಬಿಡಿಯಾಗಿ ಕೊಡುವುದು ಲೇಸೆಂದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 92 ಮಕ್ಕಳು ಪಡೆಯುತ್ತಿದ್ದ ಆ ಲಸಿಕೆಯನ್ನು 2003–04ರ ಹೊತ್ತಿಗೆ ಸುಮಾರು 80 ಮಕ್ಕಳು ಮಾತ್ರ ಪಡೆಯುತ್ತಿದ್ದರು. ಅಡಗಿದ್ದ ದಡಾರ ಮತ್ತೆ ತಲೆಯೆತ್ತಿತು. 2006ರಲ್ಲಿ ಆ ದೇಶದಲ್ಲಿ 14 ವರ್ಷಗಳ ಬಳಿಕ ದಡಾರದಿಂದ ಒಂದು ಸಾವು ಸಂಭವಿಸಿತು. 2012–13ರಲ್ಲಿ ವೇಲ್ಸಿನ ಸ್ವಾನ್ಸಿ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಜಾಡ್ಯ ಹರಡಿತೆಂದು ವರದಿಯಾಯಿತು. ಡೆನ್ಮಾರ್ಕಿನವರು 2002ರಲ್ಲಿ 5 ಲಕ್ಷ 37 ಸಾವಿರ ಮಕ್ಕಳ ದಾಖಲೆಗಳನ್ನೂ 2019ರಲ್ಲಿ 6 ಲಕ್ಷ 57 ಸಾವಿರ ಮಕ್ಕಳ ದಾಖಲೆಗಳನ್ನೂ ಶೋಧಿಸಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿದರು. ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಮೂಲ ಲೇಖನವನ್ನು ಹಿಂತೆಗೆದುಕೊಂಡಿತು; ವೇಕ್‌ಫೀಲ್ಡ್ ಅವರ ಹೆಸರನ್ನು ಅದೇ ವರ್ಷ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಹನ್ನೆರಡು ಮಕ್ಕಳ ಸುದ್ದಿ ಇಷ್ಟಾದರೂ ಪೂರ್ತಿ ಸತ್ತಿಲ್ಲ.

ಈ ಎರಡು ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಲಂಡನ್ನಿನ ಲೇಖನದಲ್ಲಿ ಅಪ್ರಾಮಾಣಿಕತೆ ಇತ್ತೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಬಾಲ್ಟಿಮೋರಿನವರು ಕಂಡದ್ದನ್ನು ಹೇಳಿದರು. ಆದರೂ ಕೇಳುವವರ ಮನೆಗೆ ಎರಡು ಸುದ್ದಿಗಳೂ ಬಂದದ್ದು ಒಂದೇ ವೇಷದಲ್ಲಿ. ಪ್ರಾಮಾಣಿಕರ ಸಣ್ಣ ಸಂಖ್ಯೆಯನ್ನೂ ಅಪ್ರಾಮಾಣಿಕರ ಸಣ್ಣ ಸಂಖ್ಯೆಯನ್ನೂ ಮನೆಯಲ್ಲಿ ಕುಳಿತ ನಾವು ಬೇರೆಮಾಡಿ ನೋಡಲಾರೆವು. ಸಂಖ್ಯೆ ಸಣ್ಣದು ಎಂಬುದನ್ನು ಮಾತ್ರ ನೋಡಬಲ್ಲೆವು.

ಆದ್ದರಿಂದ ಒಂದು ವಿನಂತಿ. ಇಂಥ ಸುದ್ದಿಗಳು ನಾಳೆಯೂ ಬರುತ್ತವೆ. ಒಂದು ಹೊಸ ಮದ್ದು, ಒಂದು ಪಥ್ಯ, ಒಂದು ಯಂತ್ರ. ಇಂಥ ಮಕ್ಕಳು ಗುಣಹೊಂದಿದರಂತೆ ಎಂಬ ವಾರ್ತೆ. ಆಗ ಕೇಳಬೇಕಾದ ಪ್ರಶ್ನೆಗಳಿಗೆ ವೈದ್ಯವಿದ್ಯೆ ಬೇಡ, ಸಂತೆಯಲ್ಲಿ ತರಕಾರಿ ಕೊಳ್ಳುವವರ ಜಾಣ್ಮೆ ಸಾಕು. ಎಷ್ಟು ಮಕ್ಕಳು? ಅವರನ್ನು ಆರಿಸಿದ್ದು ಹೇಗೆ? ಮದ್ದು ಪಡೆಯದ ಮಕ್ಕಳೊಡನೆ ಹೋಲಿಸಿ ನೋಡಿದರೆ? ನೋಡಿದವರಿಗೆ ಯಾರು ಮದ್ದು ಪಡೆದವರೆಂದು ಮೊದಲೇ ತಿಳಿದಿತ್ತೆ? ಬೇರೆ ಊರಿನವರು ಮಾಡಿದಾಗಲೂ ಹಾಗೆಯೇ ಆಯಿತೆ? ಇವುಗಳಿಗೆ ವಾರ್ತೆಯಲ್ಲಿ ಉತ್ತರವಿಲ್ಲದಿದ್ದರೆ, ಉತ್ತರ ಬರುವವರೆಗೆ ಮಗುವಿನ ತೋಳನ್ನು ಸೂಜಿಗೆ ಒಡ್ಡದಿರುವುದು ಲೇಸು. ಅಲ್ಲಿಯವರೆಗೆ ಮಗುವಿನ ಮಾತು, ಆಟ, ಪಾಠಗಳಲ್ಲಿ ತಾಳ್ಮೆಯಿಂದ ನೆರವಾಗಬಲ್ಲ ಶಿಕ್ಷಕರೂ ತಜ್ಞರೂ ಇದ್ದಾರೆ. ಆ ನೆರವು ನಿಧಾನವಾದದ್ದು, ಸುದ್ದಿಯಾಗದಂಥದು, ಆದರೆ ನಂಬತಕ್ಕದ್ದು.

ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿರಬಹುದು. ನಿಮ್ಮ ಬೀದಿಯಲ್ಲಿ, ಬಂಧುಗಳಲ್ಲಿ ಇರಬಹುದು. ಸುದ್ದಿ ಕೇಳಿದೊಡನೆ ಅವರ ಮನೆಗೆ ಓಡಿಹೋಗಿ ತಿಳಿಸಬೇಕೆಂಬ ಒಳ್ಳೆಯ ಮನಸ್ಸು ನಿಮ್ಮಲ್ಲಿ ಹುಟ್ಟುವುದು ಸಹಜ. ಹೋಗಿ, ತಿಳಿಸಿ. ಆದರೆ ಸುದ್ದಿಯೊಡನೆ ಸಂಖ್ಯೆಯನ್ನೂ ಒಯ್ಯಿರಿ. ಮೂವರು ಎಂದಿದ್ದರೆ ಮೂವರು ಎಂದೇ ಹೇಳಿ.